ಎಣಿಕೆ ನಡೆದಿರುವಾಗ ಗಣಕಯಂತ್ರ ಆರಿಸದಿರುವ ಬಗ್ಗೆ

ದಾಖಲೆ ವಿಭಾಗ, ಸೊಲ್ಲಾಪುರ
ಸಂಖ್ಯೆ: ದಾವಿ/ಗಣಕ/7/1999
(1ರಿಂದ 6ರವರೆಗಿನ ಸುತ್ತೋಲೆಗಳು ಯಂತ್ರದೊಳಗೇ ಸಿಕ್ಕಿಕೊಂಡಿದ್ದರಿಂದ ಹೊರಡಿಸಲಾಗಿಲ್ಲ)
ದಿನಾಂಕ: 17 ಆಗಸ್ಟ್ 1999

ವಿಷಯ: ಲಿನಕ್ಸ್ ಗಣಕಯಂತ್ರ ಮರಳಿ ಶುರುವಾಗದಿದ್ದುದು ಹಾಗೂ ಅದಕ್ಕೆ ಕಾರಣನಾದ ಅಧಿಕಾರಿ.

ಉಲ್ಲೇಖ: ವಾಗದರಿಯ ಶ್ರೀಮತಿ ಗುರುಲಿಂಗಮ್ಮ ಇವರ ಅರ್ಜಿ ಮತ್ತು ಖುದ್ದು ಐದು ಭೇಟಿ.

ಕನ್ನಡ ಶಾಲೆಗಳ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲು ತಿಂದು ಮುಗಿಸಿದೆ. ಅದಕ್ಕೂ ಮೊದಲೇ ಹೆಸರುಗಳನ್ನು ಗಣಕಯಂತ್ರಕ್ಕೆ ಏರಿಸಲಾಗಿದ್ದು, ಪುಕ್ಕಟೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಅದರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಲಾಗಿದೆ. ಜುಲೈ 12ರಂದು ಕರೆಂಟು ಹೋಗಿ ಬಂದ ಮೇಲೆ ಯಂತ್ರ ಶುರುವಾಗಲಿಲ್ಲ. ಗುರುಲಿಂಗಮ್ಮ ಇವರಿಗೆ ಅಂಗನವಾಡಿ ಕೆಲಸದ ಅರ್ಜಿಗೆ ಶಾಲೆ ಬಿಟ್ಟ ದಾಖಲೆ ಬೇಕಿದ್ದು, ಆಗಸ್ಟ್ 14 ಕೊನೆಯ ದಿನವಾಗಿತ್ತು.

1. ಕರೆಂಟು ಹಠಾತ್ತನೆ ಹೋದರೆ ಈ ಯಂತ್ರವು ಮರಳಿ ಏಳುವಾಗ ತನ್ನೊಳಗಿನ ಕಡತಗಳೆಲ್ಲ ನೆಟ್ಟಗಿವೆಯೇ ಎಂದು ಎಣಿಸಿ ನೋಡುತ್ತದೆ. ಪರದೆಯ ಮೇಲಿನ ಅಂಕಿ ನೂರಕ್ಕೆ ಮುಟ್ಟಲು ಮುಕ್ಕಾಲು ಗಂಟೆ ಬೇಕೆಂದು ತಡವಾಗಿ ತಿಳಿದುಬಂದಿದೆ.

2. ಕೆಳಗೆ ಸಹಿ ಮಾಡಿದ ಅಧಿಕಾರಿಯು ಹಿಂದೆ ಹದಿನೆಂಟು ವರ್ಷ ಟವೆಲ್ ಮಗ್ಗಗಳ ಮೇಲ್ವಿಚಾರಕನಾಗಿದ್ದು, ನೂಲು ಹರಿದ ಕೂಡಲೇ ಮಗ್ಗ ನಿಲ್ಲಿಸುವುದು ಅವನ ಕೈಗೆ ಅಂಟಿದ ರೂಢಿ. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಸರಸರ ಓಡಿದೊಡನೆ ಎಲ್ಲೋ ನೂಲು ಹರಿದಿದೆ ಎಂದು ಭಾವಿಸಿ ಮೇನ್ ಸ್ವಿಚ್ ಆರಿಸಲಾಗಿದೆ. ಮತ್ತೆ ಹಾಕಲಾಗಿದೆ. ಯಂತ್ರವು ಮತ್ತೆ ಒಂದರಿಂದ ಎಣಿಸಿದೆ. ಹೀಗೆ ಎಂಬತ್ತಮೂರು ಸಲ.

3. ಈ ಅವಧಿಯಲ್ಲಿ ಜಾರಿಯಲ್ಲಿದ್ದ ಕೆಳಕಂಡ ಕ್ರಮಗಳನ್ನು ಈ ಮೂಲಕ ಹಿಂಪಡೆಯಲಾಗಿದೆ:
(ಅ) ಯಂತ್ರಕ್ಕೆ ವಿಭೂತಿ ಹಚ್ಚಿ, ಮುಖವನ್ನು ಪೂರ್ವಕ್ಕೆ ತಿರುಗಿಸುವುದು.
(ಆ) ಏಳುವಾಗ ನಾಚಿಕೆಯಾಗದಿರಲೆಂದು ಅದರ ಮೇಲೆ ಟವೆಲ್ ಹೊದಿಸುವುದು.
(ಇ) ಕನ್ನಡ ತಿಳಿಯಲಿಕ್ಕಿಲ್ಲವೆಂದು ಮರಾಠಿಯಲ್ಲಿ ವಿನಂತಿಸುವುದು.

4. ಆಗಸ್ಟ್ 14ರಂದು ಅಧಿಕಾರಿಯ ಕೈ ಎಂಬತ್ತನಾಲ್ಕನೆಯ ಸಲ ಸ್ವಿಚ್ಚಿನತ್ತ ಹೋದಾಗ ಗುರುಲಿಂಗಮ್ಮ ಇವರು ಬೆಂಚಿನಿಂದೆದ್ದು ಸ್ವಿಚ್ಚಿಗೆ ಅಡ್ಡ ನಿಂತು ನೀಡಿದ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆಯೇ ದಾಖಲಿಸಲಾಗಿದೆ: “ಮುಟ್ಟಬ್ಯಾಡ್ರಿ ಸಾಹೇಬ್ರ. ನನಗ ಇಂಗ್ಲಿಷ್ ಬರಂಗಿಲ್ಲ, ಅಂಕಿ ಬರ್ತಾವ್ರಿ. ಹೋದ ವಾರ ನಲವತ್ತೇಳಕ್ಕ ಬಂದಿತ್ತು, ನೀವ ಆರಿಸಿದ್ರಿ. ಹಾಲ ಕಾಸಾಕಿಟ್ಟು ಘಳಿಗಿಗೊಮ್ಮಿ ಒಲಿ ಆರಿಸಿದ್ರ ಯಾವಾಗ ಉಕ್ಕಬೇಕ್ರಿ?”

ಅಂಕಿ ನೂರಕ್ಕೆ ಮುಟ್ಟುವವರೆಗೆ ಅವರು ಮುಕ್ಕಾಲು ಗಂಟೆ ಹಾಗೆಯೇ ನಿಂತರು. ಯಂತ್ರ ಎದ್ದಿತು. ದಾಖಲೆ ಕೊಡಲಾಯಿತು. ಅಕ್ಕಲಕೋಟದ ಅಂಗನವಾಡಿ ಕಚೇರಿಯಲ್ಲಿ ಅರ್ಜಿ ಸಲ್ಲಿಕೆಯಾದಾಗ, ಬಾಗಿಲು ಮುಚ್ಚುವ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅಧಿಕಾರಿಗೆ ನಾಚಿಕೆಯಾಗಿದೆ ಎಂಬುದನ್ನೂ ಕಡತದಲ್ಲಿ ಸೇರಿಸಲಾಗಿದೆ.

5. ಆದ್ದರಿಂದ ಆದೇಶಿಸುವುದೇನೆಂದರೆ, ಎಣಿಕೆ ನಡೆದಿರುವಾಗ ಅಧಿಕಾರಿಯು ಸ್ವಿಚ್ಚಿನಿಂದ ನಾಲ್ಕು ಮಾರು ದೂರ ಕೂತು, ಬಲಗೈಯಲ್ಲಿ ಚಹಾದ ಕಪ್ಪು, ಎಡಗೈಯಲ್ಲಿ ಅದರಡಿಯ ಬಸಿ ಹಿಡಿದಿರತಕ್ಕದ್ದು. ಚಹಾ ಮುಗಿದರೂ ಇಳಿಸತಕ್ಕದ್ದಲ್ಲ.

6. ಕೈ ಸುಮ್ಮನಿರದೇ ಹೋದಲ್ಲಿ ಕೋಣೆಯ ಫ್ಯಾನನ್ನು ಆರಿಸಿ ಹಾಕಲು ಅನುಮತಿಯಿದೆ. ಸೆಖೆಯ ಬಗ್ಗೆ ಬಂದ ದೂರುಗಳನ್ನು ಎಣಿಕೆ ಮುಗಿದ ಮೇಲೆ ಸ್ವೀಕರಿಸಲಾಗುವುದು.

7. ಯಂತ್ರ ತಾನಾಗಿ ಎದ್ದರೆ ಅದನ್ನು ಅಧಿಕಾರಿಯ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಬರೆಯಕೂಡದು. ಬರೆದ ಕರಡನ್ನು ಹರಿದು ಹಾಕಲಾಗಿದೆ.

ಸಹಿ/-
(ಚನ್ನವೀರಪ್ಪ)
ದಾಖಲೆ ಅಧಿಕಾರಿ ಹಾಗೂ ಮೇಲ್ಕಂಡ ದೋಷ

ಪ್ರತಿಗಳು:
1. ಸಿಪಾಯಿ ಮಲ್ಲಯ್ಯ: ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂಡಲು. ಅಧಿಕಾರಿಯ ಕೈ ಹಿಡಿಯುವ ಅಧಿಕಾರ ಕೊಡಲಾಗಿದೆ.
2. ಶ್ರೀಮತಿ ಸಾವಿತ್ರಿಬಾಯಿ, ಅಧಿಕಾರಿಯ ಧರ್ಮಪತ್ನಿ: ಮನೆಯ ಕುಕ್ಕರಿಗೂ ಈ ಆದೇಶ ಅನ್ವಯಿಸಬೇಕೆಂಬ ಅವರ ಹಳೆಯ ಬೇಡಿಕೆ ಪರಿಶೀಲನೆಯಲ್ಲಿದೆ.
3. ಶ್ರೀಮತಿ ಗುರುಲಿಂಗಮ್ಮ, ವಾಗದರಿ: ನಾಲ್ಕು ಸಲ ಬರಿಗೈಯಲ್ಲಿ ಕಳಿಸಿದ್ದಕ್ಕೆ ಕ್ಷಮೆ ಕೋರಿ. ದಾಖಲೆಯ ಇನ್ನೂ ಮೂರು ಪ್ರತಿ ತೆಗೆದು ಲಗತ್ತಿಸಲಾಗಿದೆ. ಈ ಕಚೇರಿಗೆ ಮತ್ತೆ ಬರುವ ಪ್ರಸಂಗ ಅವರಿಗೆ ಬಾರದಿರಲಿ.