ಪೆನ್‌ಡ್ರೈವಿನಿಂದ ಎದ್ದು ಬಂದ ವರಗಳು

ಕೆಲವರ ಮನೆಗೆ ಹೋದರೆ ನಾವಿನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಕೈಯಲ್ಲಿದ್ದ ಚೀಲ ಇಸಿದುಕೊಂಡು ಒಳಗಿದ್ದುದನ್ನೆಲ್ಲ ಮಂಚದ ಮೇಲೆ ಹರವಿಬಿಡುತ್ತಾರೆ. ಅದರಲ್ಲಿ ಅವರಿಗೆಂದು ತಂದ ಬಾಳೆಹಣ್ಣೂ ಇರುತ್ತದೆ, ಮುಂದಿನ ಓಣಿಯ ಬೀಗರಿಗೆಂದು ತಂದ ಸೇಬುಹಣ್ಣೂ ಇರುತ್ತದೆ. ಅವರು ಪ್ರೀತಿಯಿಂದಲೇ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಸೇಬು ಕಣ್ಣಿಗೆ ಬಿದ್ದ ಮೇಲೆ ಬಾಳೆಹಣ್ಣು ಕೊಟ್ಟು ಎದ್ದು ಬರುವುದು ಹೇಗೆ ಹೇಳಿ? ನನ್ನ ಕಂಪ್ಯೂಟರೂ ಇದೇ ಪೈಕಿ ಎಂದು ನನಗೆ ತಡವಾಗಿ ತಿಳಿಯಿತು. ತಿಳಿಯುವ ಹೊತ್ತಿಗೆ ಒಂದು ಮದುವೆ ಮುರಿದುಬೀಳುವ ಹಂತಕ್ಕೆ ಬಂದಿತ್ತು.

ಆಗ ನಮ್ಮ ಕೊಟ್ಟೂರಿಗೆ ಪೆನ್‌ಡ್ರೈವ್ ಹೊಸದು. ಇದ್ದವರು ಅದಕ್ಕೊಂದು ದಾರ ಪೋಣಿಸಿ ಕೊರಳಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ: ಲಗ್ನಪತ್ರಿಕೆ, ಅರ್ಜಿ, ಬಯೋಡೇಟಾ, ಫೋಟೊ ಪ್ರಿಂಟು. ಊರಿನವರ ಪೆನ್‌ಡ್ರೈವುಗಳೆಲ್ಲ ನನ್ನಲ್ಲಿಗೆ ಬರುತ್ತಿದ್ದುದರಿಂದ ಊರಿನ ವೈರಸ್ಸುಗಳೂ ನನ್ನಲ್ಲಿಗೇ ಬರುತ್ತಿದ್ದವು. ಕಡೆಗೆ ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಮೆಕ್ಯಾನಿಕ್ ಮೆಹಬೂಬ ಬಂದು ಕಂಪ್ಯೂಟರ್ ನಡೆಸುವ ಹಳೆಯ ವ್ಯವಸ್ಥೆ ತೆಗೆದು ಲಿನಕ್ಸ್ ಎಂಬ ಹೊಸದನ್ನು ಹಾಕಿಕೊಟ್ಟ. "ಅಕ್ಕಾ, ಇದಕ್ಕ ಆ ವೈರಸ್ ತಟ್ಟಂಗಿಲ್ಲ, ಆರಾಮಿರ್ರಿ" ಎಂದ. ಆರಾಮಾಗಿಯೇ ಇದ್ದೆ. ಅದರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡಿಸಲು ಪಟ್ಟ ಪಾಡು ಬೇರೆಯೇ ಪುರಾಣ, ಅದು ಈಗ ಬೇಡ.

ಒಂದು ಮಾತು ಮಾತ್ರ ಹೇಳಬೇಕು. ನನ್ನ ಅಂಗಡಿಯಲ್ಲಿ ಮಾನಿಟರ್ ಅರ್ಧ ನನ್ನ ಕಡೆ, ಅರ್ಧ ಗಿರಾಕಿಗಳ ಬೆಂಚಿನ ಕಡೆ ಮುಖ ಮಾಡಿತ್ತು. ಲಗ್ನಪತ್ರಿಕೆಯಲ್ಲಿ ಯಾವ ಕಾಕಾನ ಹೆಸರು ಮೇಲೆ, ಯಾವ ಸೋದರಮಾವನ ಹೆಸರು ಕೆಳಗೆ ಎಂಬುದು ಎಲ್ಲರ ಕಣ್ಣೆದುರೇ ತೀರ್ಮಾನವಾಗಬೇಕು, ಇಲ್ಲದಿದ್ದರೆ ಮಂಟಪದಲ್ಲಿ ರಾದ್ಧಾಂತ. ಒಮ್ಮೆ ಪೂರ್ತಿ ನನ್ನ ಕಡೆ ತಿರುಗಿಸಿ ನೋಡಿದ್ದೆ. "ಏನೋ ಮುಚ್ಚಿಡ್ತಾಳ ಈಕಿ" ಎಂದು ಬೆಂಚೇ ಬಂದು ನನ್ನ ಬೆನ್ನ ಹಿಂದೆ ನಿಂತಿತು.

ಒಂದು ದಿನ ಆ ಬೆಂಚಿನ ಮೇಲೆ ಕೊಟ್ರಮ್ಮ ಕೂತಿದ್ದರು. ಅವರ ಮಗನಿಗೂ ತೆಲಿಗಿಯ ಚನ್ನಬಸಪ್ಪನವರ ಮಗಳು ಗಿರಿಜೆಗೂ ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಗಿರಿಜೆ ನನ್ನ ಹತ್ತಿರವೇ ಟೈಪಿಂಗ್ ಕಲಿತ ಹುಡುಗಿ. ಹುಡುಗನನ್ನು ಮನಸಾರೆ ಒಪ್ಪಿದ್ದಳು. ಅಷ್ಟರಲ್ಲಿ ಚನ್ನಬಸಪ್ಪನವರೂ ಬಂದರು. ಭಾವೀ ಬೀಗಿತಿಯನ್ನು ಕಂಡು ಕೈಮುಗಿದು, "ನಿಮ್ಮ ಮನಿ ಬಿಟ್ಟು ಬ್ಯಾರೆ ಮನಿ ಕಡೆ ತಿರುಗಿ ಸೈತ ನೋಡಿಲ್ರಿ ನಾವು" ಎಂದರು. ಆಮೇಲೆ ಕೊರಳಿನಿಂದ ಪೆನ್‌ಡ್ರೈವ್ ತೆಗೆದು ನನಗೆ ಕೊಟ್ಟು, "ಮಗಳ ಫೋಟೊ ಎರಡು ಹಾಕವ್ವಾ" ಎಂದರು.

ನಾನು ಚುಚ್ಚಿದೆ, ಅಷ್ಟೇ. ಬೇರೇನೂ ಮುಟ್ಟಲಿಲ್ಲ, ದೇವರಾಣೆ. ಲಿನಕ್ಸ್ ತಾನೇ ಅದನ್ನು ಒಳಕ್ಕೆ ಕರೆದುಕೊಂಡು, ತಾನೇ ಕಿಟಕಿ ತೆರೆದು, ಪರದೆಯ ತುಂಬ ಗಂಡುಗಳನ್ನು ಸಾಲಾಗಿ ನಿಲ್ಲಿಸಿತು. ಹಡಗಲಿಯ ಮೀಸೆಯವನೊಬ್ಬ, ಬೈಕಿಗೆ ಒರಗಿದವನೊಬ್ಬ, ಸ್ಟುಡಿಯೋದ ಬಣ್ಣದ ಜಲಪಾತದ ಮುಂದೆ ಕೈಕಟ್ಟಿ ನಿಂತವನೊಬ್ಬ. ಎರಡನೇ ಸಾಲಿನ ಕೊನೆಯಲ್ಲಿ ಕೊಟ್ರಮ್ಮನವರ ಮಗ.

ಕೊಟ್ರಮ್ಮ ನಿಧಾನವಾಗಿ ಕನ್ನಡಕ ಹಾಕಿಕೊಂಡರು. "ಇವರೆಲ್ಲ ಯಾರ್ರಿ ಚನ್ನಬಸಪ್ಪಾರ?"

"ಅದೂ... ನಮ್ಮ ಅಳಿಯನ ಗೆಣೆಕಾರ್ರು, ದೋಸ್ತರು."

"ಹೌದೇನು? ನನ್ನ ಮಗ ಯಾವಾಗ ಇವರ ಗೆಣೆಕಾರ ಆದ? ಆಗಿದ್ರ ಆಗ್ಲಿ, ಅವನ್ನ ಕೊನೀಗೆ ಯಾಕ ನಿಲ್ಲಿಸೀರಿ?"

ಸೆರಗು ಝಾಡಿಸಿ ಎದ್ದು ಹೋದರು. ಚನ್ನಬಸಪ್ಪನವರು ನನ್ನ ಕಡೆ ತಿರುಗಿದರು. "ಎರಡು ಫೋಟೊ ಕೇಳಿದ್ರ ನನ್ನ ಸಂಸಾರನ ಮಂದಿ ಮುಂದ ಹಾಸಿಬಿಟ್ಟೆಲ್ಲವ್ವಾ!" ಮರುದಿನ ಗಿರಿಜೆ ಫೋನು ಮಾಡಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಅತ್ತಳು. ನನಗೆ ಊಟ ಸೇರಲಿಲ್ಲ. ಸುದ್ದಿ ಹಬ್ಬಿ ಬೆಂಚೂ ಖಾಲಿಯಾಯಿತು, ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ.

ಮೆಹಬೂಬನನ್ನು ಕೇಳಿದರೆ, "ಫಾರ್ಮ್ಯಾಟ್ ಹೊಡೆದು ಎಲ್ಲಾ ಅಳಿಸಿಬಿಡ್ತೀನಿ ಅಕ್ಕಾ" ಎಂದ. ತಲೆನೋವು ಎಂದರೂ ತಲೆಗೆ ಅದನ್ನೇ ಹೊಡೆಯುವ ಪೈಕಿ ಅವನು. ನಮ್ಮ ಯಜಮಾನರು, "ಮಿಷಿನ್ ಮ್ಯಾಲೊಂದು ಟವೆಲ್ ಹಾಕಿಬಿಡು" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಕಿಯೂ ನೋಡಿದೆ. ಬಂದ ಒಬ್ಬನೇ ಗಿರಾಕಿ, "ಯಾರಾದ್ರೂ ಹೋಗಿಬಿಟ್ರೇನ್ರಿ?" ಎಂದು ಮೆಲ್ಲಗೆ ಕೇಳಿದ.

ಸಿಟ್ಟು ಬಂತು ನನಗೆ. ನನ್ನ ಅಂಗಡಿ, ನನ್ನ ಮಿಷಿನ್ನು, ನನ್ನ ಮಾತು ಕೇಳುವುದಿಲ್ಲವೆಂದರೆ ಹೇಗೆ? ಇಂಗ್ಲಿಷಿನಲ್ಲಿದ್ದ ಸಹಾಯದ ಪುಟಗಳನ್ನು ಪ್ರಿಂಟು ಹಾಕಿಕೊಂಡು, ರೊಟ್ಟಿ ತಟ್ಟುತ್ತ ಓದಿದೆ. ಡಿಸ್ಕನ್ನು ಚುಚ್ಚುವುದು ಬೇರೆ, ಅದನ್ನು ಒಳಕ್ಕೆ ಜೋಡಿಸಿಕೊಳ್ಳುವುದು ಬೇರೆ. ಈ ಜೋಡಿಸುವುದಕ್ಕೇ ಲಿನಕ್ಸ್‌ನವರು ಮೌಂಟ್ ಎನ್ನುತ್ತಾರೆ ಎಂದು ತಿಳಿಯಿತು. ಮಿಷಿನ್ನು ಎದ್ದ ಕೂಡಲೇ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಬರೆದಿರುತ್ತದಂತೆ. ಅಲ್ಲಿ ನೋಆಟೊ ಎಂದು ಸೇರಿಸಿದರೆ, ನಾವು ಕರೆಯುವ ತನಕ ಆ ಡಿಸ್ಕು ಒಳಗೆ ಬರುವುದಿಲ್ಲ. ಅಲ್ಲಿದ್ದ ಒಂದು ಸಾಲಿಗೆ ಸೇರಿಸಿಯೇಬಿಟ್ಟೆ.

ಮಿಷಿನ್ನು ಆರಿಸಿ ಹಚ್ಚಿದರೆ ನನ್ನ ಅಷ್ಟೂ ವರ್ಷಗಳ ಲಗ್ನಪತ್ರಿಕೆಗಳು ನಾಪತ್ತೆ! ನಾನು ಬರೆದದ್ದು ಪೆನ್‌ಡ್ರೈವಿನ ಸಾಲಿಗಲ್ಲ, ನನ್ನ ಕೆಲಸವೆಲ್ಲ ಇದ್ದ ಎರಡನೇ ಹಾರ್ಡ್ ಡಿಸ್ಕಿನ ಸಾಲಿಗೆ. ಮೌಂಟ್ ಎಂದು ಹೊಡೆದು ಅದರ ಜಾಗದ ಹೆಸರು ಬರೆದೆ. ಎಲ್ಲವೂ ಇದ್ದಲ್ಲೇ ಇತ್ತು. ಕರೆಯದೆ ಬರಬೇಡ ಎಂದಿದ್ದೆ, ಬಂದಿರಲಿಲ್ಲ, ಕರೆದೆ, ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಮಾತನ್ನು ಇದ್ದಂತೆಯೇ ಪಾಲಿಸಿದ್ದು ಅದೊಂದೇ. ಆ ಧೈರ್ಯದಲ್ಲೇ ಪೆನ್‌ಡ್ರೈವಿನ ಗುಟ್ಟನ್ನೂ ಹುಡುಕಿ ತೆಗೆದೆ. ಸೆಟ್ಟಿಂಗಿನ ಮೂಲೆಯಲ್ಲಿ ಎರಡು ಟಿಕ್ ಗುರುತುಗಳು: ಚುಚ್ಚಿದ ಕೂಡಲೇ ಜೋಡಿಸು ಎಂದು ಒಂದು, ಜೋಡಿಸಿದ ಕೂಡಲೇ ಕಿಟಕಿ ತೆರೆ ಎಂದು ಇನ್ನೊಂದು. ಎರಡನ್ನೂ ಕಿತ್ತೆ. ಪೆನ್‌ಡ್ರೈವ್ ಚುಚ್ಚಿದೆ. ಪರದೆ ಗಪ್‌ಚಿಪ್. "ಏನ್ರೀ, ಬಂದು ನೋಡ್ರಿ!" ಎಂದು ನಾನು ಕೂಗಿದ್ದಕ್ಕೆ ಯಜಮಾನರು ಹಾವೋ ಚೇಳೋ ಎಂದು ಕೋಲು ಹಿಡಿದು ಓಡಿಬಂದರು.

ಚನ್ನಬಸಪ್ಪನವರಿಗೆ ಹೇಳಿಕಳಿಸಿದೆ. ಅವರು ಬಂದು ಮುಖ ಸಣ್ಣದು ಮಾಡಿ ಕೂತು, "ಹ್ಯಾಂಗರ ಮಾಡಿ ಕೊಟ್ರಮ್ಮಾರಿಗೆ ನೀನ ಹೇಳವ್ವಾ, ಹುಡುಗಿ ಸೊರಗ್ಯಾಳ" ಎನ್ನುತ್ತಿದ್ದಾಗಲೇ ಕೊಟ್ರಮ್ಮ ಒಳಗೆ ಬರಬೇಕೆ! ಅವರನ್ನು ಕಂಡು ಚನ್ನಬಸಪ್ಪನವರು ಎದ್ದು ನಿಂತರು. ಕೊಟ್ರಮ್ಮ ಗೋಡೆ ನೋಡಿದಂತೆ ಅವರನ್ನು ನೋಡಿ, ನನ್ನ ಕೈಗೊಂದು ಪೆನ್‌ಡ್ರೈವ್ ಕೊಟ್ಟರು. "ನಮ್ಮ ತಂಗಿ ಮೊಮ್ಮಗನ ಫೋಟೊ ಐತಿ, ಅದಷ್ಟ ಹಾಕಿಕೊಡು."

ಚುಚ್ಚಿದೆ. ಚನ್ನಬಸಪ್ಪನವರು ಕತ್ತು ಚಾಚಿ ಪರದೆ ನೋಡಿದರು. ಏನೂ ಆಗಲಿಲ್ಲ. ಮಿಷಿನ್ನು ಬಾಯಿ ಬಿಡಲಿಲ್ಲ! ಕುಣಿಯಬೇಕೆನಿಸಿತು ನನಗೆ. ಆಮೇಲೆ ಮಾನಿಟರನ್ನು ಪೂರ್ತಿ ನನ್ನ ಕಡೆ ತಿರುಗಿಸಿಕೊಂಡು, ನಾನೇ ಕರೆದು, ನಾನೇ ತೆರೆದೆ. ಮೊಮ್ಮಗ ಇದ್ದ. ಅವನ ಫೋಟೊದ ಸುತ್ತ, ಕೆಳಗೆ ಊರಿನ ಹೆಸರು ಹೊತ್ತು, ಸೀರೆ ಉಟ್ಟ ಹುಡುಗಿಯರ ಫೋಟೊಗಳು: ಹರಪನಹಳ್ಳಿಯವಳು, ಕೂಡ್ಲಿಗಿಯವಳು, ಉಚ್ಚಂಗಿದುರ್ಗದ ಟೀಚರು. ತಾರೀಖು ನೋಡಿದೆ, ಎಲ್ಲವೂ ಬೆಂಚಿನ ಜಗಳಕ್ಕಿಂತ ಮುಂಚಿನವು, ಮಾತುಕತೆ ನಡೆಯುತ್ತಿದ್ದ ದಿನಗಳವು.

ಕೊಟ್ರಮ್ಮನವರನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದೆ. "ಅತ್ತಿ, ಇವರೆಲ್ಲ ಯಾರು? ಬೆಂಚಿನ ಕಡೆ ತಿರುಗಿಸ್ಲೇನು, ಚನ್ನಬಸಪ್ಪಾರೂ ನೋಡ್ಲಿ?"

"ಏ, ಬ್ಯಾಡ ಬ್ಯಾಡ, ಮುಚ್ಚವ್ವಾ ತಾಯಿ!"

ಮುಚ್ಚಿದೆ. ಕೊಟ್ರಮ್ಮ ಬೆವರು ಒರೆಸಿಕೊಂಡು ಬೆಂಚಿನ ಮೇಲೆ ಕೂತರು, ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ತುಂಬ ದೊಡ್ಡ ಮನಸ್ಸಿನಿಂದ, "ನಿಂತೀರ್ಯಾಕ ಚನ್ನಬಸಪ್ಪಾರ, ಕುಂದರ್ರಿ. ಹೆಣ್ಣು ಹೆತ್ತಾರು ನಾಕು ಕಡೆ ನೋಡದ ಇರ್ತಾರೇನು? ಒಳ್ಳೆ ದಿನ ನೋಡ್ರಿ" ಎಂದರು.

ಆ ಲಗ್ನಪತ್ರಿಕೆ ಮಾಡಿದವಳು ನಾನೇ. ಗಿರಿಜೆ ಹೆಸರು ಟೈಪು ಮಾಡುವಾಗ ಕಣ್ಣು ತುಂಬಿತು. ಬೆಂಚು ಮತ್ತೆ ತುಂಬಿತು, ಹೊಸಹಳ್ಳಿಯಿಂದಲೂ ಜನ ಬಂದರು. "ಆಕಿ ಅಂಗಡ್ಯಾಗ ಏನ ಕೊಟ್ರೂ ಗುಟ್ಟು ಹೊರಗ ಹೋಗಂಗಿಲ್ಲ" ಎಂದು ಹೆಸರಾಯಿತು.

ಇದನ್ನು ಬರೆದು ಮುಗಿಸಿ ಯಜಮಾನರಿಗೆ ಓದಲು ಕೊಟ್ಟೆ. ಓದಿ ತಲೆ ಮೇಲೆ ಕೈ ಹೊತ್ತರು. "ಅಲ್ಲಬೇ, ಕೊಟ್ರಮ್ಮಾರ ಪೆನ್‌ಡ್ರೈವಿನ್ಯಾಗ ಏನಿತ್ತಂತ ಇಲ್ಲೀತನಕ ಅವರ ಬೀಗರಿಗೇ ಗೊತ್ತಿಲ್ಲ. ಇದನ್ನೆಲ್ಲ ಹೇಳಂತ ನಿನ್ನ ಕೇಳಿದೋರು ಯಾರು?"

ನಿಜ, ಯಾರೂ ಕೇಳಿರಲಿಲ್ಲ. ಓದುವ ನೀವು ಸುಮ್ಮನೆ ಬಂದು ಎದುರಿಗೆ ಕೂತಿರಿ, ಅಷ್ಟಕ್ಕೇ ನಾನು ಎಲ್ಲವನ್ನೂ ಬಿಚ್ಚಿ ಹರವಿಬಿಟ್ಟೆ.