ಗುಂಡಿಯನ್ನಷ್ಟೇ ಹೊಗಳಿದರು

ಹೋಟೆಲಿನ ಮ್ಯಾನೇಜರ್ ಸ್ಯಾಂಪಲ್ ಕೋಟನ್ನು ಒಳಗೂ ಹೊರಗೂ ನೋಡಿ, "ಗುಂಡಿ ಗಟ್ಟಿಯಾಗಿ ಹಾಕಿದೀರಿ. ಸಂಜೆ ಬರ್ತೀನಿ" ಎಂದಷ್ಟೇ ಹೇಳಿ ಹೋದರು. ಟೈಲರ್ ಮಾಸ್ಟರು ಕೋಟು ಹಿಡಿದು ಬಾಗಿಲಲ್ಲೇ ನಿಂತರು. ಸಪ್ಲೈಯರುಗಳಿಗೆ ನಲವತ್ತು ಕೋಟು ಹೊಲಿಯುವ ಆರ್ಡರು ಅದು. ಸಿಕ್ಕರೆ ವರ್ಷವೆಲ್ಲ ಹರಿದ ಪ್ಯಾಂಟುಗಳಿಗೆ ತೇಪೆ ಹಾಕುವುದು ತಪ್ಪುತ್ತಿತ್ತು.

ಪಕ್ಕದ ಕಟಿಂಗ್ ಶಾಪಿನವನು ಗಿರಾಕಿಯನ್ನು ಅರ್ಧ ಕ್ಷೌರದಲ್ಲೇ ಬಿಟ್ಟು ಓಡಿ ಬಂದ. ಬೇರೆಯವರ ಮಾತಿಗೆ ಅರ್ಥ ಹೇಳುವುದೆಂದರೆ ಅವನಿಗೆ ಊಟ ನಿದ್ದೆ ಬೇಡ.

"ಮಾಸ್ಟ್ರೇ, ಒಬ್ಬರ ಮನೇಲಿ ಊಟ ಮಾಡಿ 'ನೀರು ತಣ್ಣಗಿತ್ತು' ಅಂದ್ರೆ ಏನರ್ಥ? ಅಡುಗೆ ಬಾಯಿಗಿಡೋ ಹಾಗಿರಲಿಲ್ಲ ಅಂತ. ಕೋಟು ಚೆನ್ನಾಗಿದ್ದಿದ್ರೆ ಕೋಟು ಚೆನ್ನಾಗಿದೆ ಅಂತಿದ್ರು."

"ರೀ, ಸಂಜೆವರೆಗೆ ಟೈಮ್ ಕೊಟ್ಟಿದಾರೆ," ಎಂದಳು ಹೆಂಡತಿ. "ಸರಿಮಾಡಿ ಅಂತ ಬಾಯಿಬಿಟ್ಟು ಬೇರೆ ಹೇಳಬೇಕಾ?"

ಮಾಸ್ಟರು ಹೊಲಿಗೆ ಬಿಚ್ಚಿದರು. ಕಾಲರ್ ಹೊಸದಾಯಿತು. ಭುಜಕ್ಕೆ ಪ್ಯಾಡು ಕೂತಿತು. ಭುಜ ಎದ್ದ ಮೇಲೆ ತೋಳು ಗಿಡ್ಡವಾಯಿತು, ಅದನ್ನೂ ಬಿಚ್ಚಿದರು. ಹೆಂಡತಿ ತನ್ನ ತಮ್ಮನ ಮದುವೆ ಸೂಟಿಗೆಂದು ಎತ್ತಿಟ್ಟಿದ್ದ ಸ್ಯಾಟಿನ್ ತಂದುಕೊಟ್ಟಳು. ಒಂದೇ ಕೆನ್ನೆ ಬೋಳಿಸಿಕೊಂಡಿದ್ದ ಗಿರಾಕಿಯೂ ಬಂದು, ಸೊಂಟ ಇನ್ನೂ ಒಂದಿಷ್ಟು ಹಿಡಿಯಬಹುದು ಎಂದ.

ಸಂಜೆ ಮ್ಯಾನೇಜರ್ ಬಂದು ಕಣ್ಣರಳಿಸಿದರು. ಕಾಲರನ್ನು ಹೊಗಳಿದರು, ಭುಜವನ್ನು, ತೋಳನ್ನು, ಒಳಗಿನ ಸ್ಯಾಟಿನನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪಕ್ಕದವನು ಮೀಸೆ ತಿರುವಿ, ಬಾಕಿ ಉಳಿದ ಕೆನ್ನೆಯ ಕಡೆಗೆ ನಡೆದ. ಮಾಸ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಆದ್ರೆ ಇದನ್ನ ಹಾಕ್ಕೊಂಡು ಸಪ್ಲೈಯರ್ ಬಂದ್ರೆ, ಊಟಕ್ಕೆ ಕೂತೋರು ಎದ್ದು ನಿಲ್ತಾರೆ," ಎಂದರು ಮ್ಯಾನೇಜರ್. "ಬೆಳಗಿನ ಥರದ್ದೇ ನಲವತ್ತು ಹೇಳೋಣ ಅಂತ ಬಂದಿದ್ದೆ."

"ಬೆಳಿಗ್ಗೆ ಬರೀ ಗುಂಡಿ ಅಂದ್ರಲ್ಲ ಸರ್?"

"ಮಿಕ್ಕಿದ್ದೆಲ್ಲ ಸರಿಯಿತ್ತಲ್ಲ, ಹೇಳೋದೇನು? ಹಿಂದಿನ ಟೈಲರ್ ಹಾಕಿದ ಗುಂಡಿ ಗಿರಾಕಿ ತಟ್ಟೆಗೆ ಬಿದ್ದಿತ್ತು. ನಂಗಿದ್ದಿದ್ದು ಅದೊಂದೇ ಅನುಮಾನ."

"ಹಾಗಿದ್ರೆ ಮೊದಲಿನ ಥರಾನೇ ಹೊಲಿದುಕೊಡ್ತೀನಿ ಸರ್."

"ಬೇಡಿ ಮಾಸ್ಟ್ರೇ. ಕೇಳದೇ ಒಂದನ್ನ ಇಷ್ಟು ಬದಲಾಯಿಸಿದೋರು ನಲವತ್ತನ್ನ ಏನು ಮಾಡ್ತೀರೋ ಅಂತ ಭಯ ಆಗುತ್ತೆ," ಎಂದು ಮ್ಯಾನೇಜರ್ ಚಪ್ಪಲಿ ಮೆಟ್ಟಿದರು.

ಕೆನ್ನೆ ಮುಗಿಸಿ ಪಕ್ಕದವನು ಓಡಿ ಬಂದಾಗ ಮಾಸ್ಟರು ಮೆಷಿನ್ನಿನ ಮೇಲೆ ಕೈಯೂರಿ ಕೂತಿದ್ದರು. ಕಣ್ಣಲ್ಲಿ ನೀರಿತ್ತು. ಪಕ್ಕದವನು ಒಂದು ಗಳಿಗೆ ಯೋಚಿಸಿದ, ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿತು.

ಹತ್ತು ನಿಮಿಷದಲ್ಲಿ ಬೀದಿಯ ಹನ್ನೆರಡು ಜನ, ಮುಂದೆ ಮಾಸ್ಟರ ಭಾಮೈದ, ಆರ್ಡರು ಸಿಕ್ಕ ಖುಷಿಗೆ ಪಾರ್ಟಿ ಕೇಳುತ್ತ ಅಂಗಡಿ ಎದುರು ನಿಂತಿದ್ದರು.