ಪೀಪಾಯಿಗೆ ಕೊಟ್ಟ ಹೆಬ್ಬೆರಳು

ಇಂದು ಸಂಜೆ ನನ್ನ ನಾಲಿಗೆಯ ಪ್ರತಾಪ ಜಗತ್ತಿಗೆ ತಿಳಿಯಲೇಬೇಕು! ಹೀಗೆಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದೆ. ಒಂದು ಗುಟುಕು ಬಿಯರ್ ಬಾಯಿಗಿಟ್ಟರೆ ಸಾಕು, ಅದರ ಹುಟ್ಟುಗುಣವೆಲ್ಲ ಬಿಡಿಸಿ ಹೇಳುವವನು ನಾನು. ಆಫೀಸಿನಲ್ಲಂತೂ ಹಾಗೆ ಹೇಳಿಕೊಂಡು ತಿರುಗಿದ್ದೇನೆ.

ನನ್ನ ಭಾವಮೈದ ಬಿಯರ್ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಾನೆ. ತನ್ನದೇ ಹುಚ್ಚಿಗೆ ಬಿದ್ದು ಖಡಕ್ಕಾದ ಕರಿ ಬಿಯರ್ ಮಾಡಿ, ಓಕ್ ಮರದ ಪೀಪಾಯಿಗೆ ತುಂಬಿ, ತಂಪಾಗಿದೆಯೆಂದು ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ವರ್ಷವಿಡೀ ಮಾಗಲು ಬಿಟ್ಟಿದ್ದ. ಇಂದು ಕಾರ್ಖಾನೆಯ ಯಜಮಾನರೇ ರುಚಿ ನೋಡಲು ಬರುತ್ತಾರೆ. ಮೆಚ್ಚಿದರೆ ಇವನು ಬಿಯರ್ ಮಾಡುವ ಮೇಸ್ತ್ರಿ. ಇಲ್ಲವಾದರೆ ಮತ್ತೆ ಅದೇ ಬಾಟಲಿ, ಅದೇ ಬ್ರಷ್ಷು!

ಪೀಪಾಯಿಯ ಮುಖಕ್ಕೆ ಒಂದು ಉಕ್ಕಿನ ಮೊಳೆ ಬಡಿದಿತ್ತು. ಅದನ್ನು ಕಿತ್ತರೆ ಸಣ್ಣ ಧಾರೆ ಚಿಮ್ಮುತ್ತದೆ. ಲೋಟಕ್ಕೆ ಹಿಡಿದು ಮತ್ತೆ ಮೊಳೆ ಜಡಿಯಬೇಕು. ರುಚಿ ನೋಡುವ ಕ್ರಮವೇ ಅದು.

"ಭಾವಾ, ದಮ್ಮಯ್ಯ, ಆ ಮೊಳೆ ಒಂದು ಮುಟ್ಬೇಡಿ. ಒಳಗೆ ಗಾಳಿ ಹೋದ್ರೆ ನನ್ನ ಕಥೆ ಮುಗೀತು" ಎಂದು ಅವನು ಯಜಮಾನರನ್ನು ಕರೆತರಲು ಹೋದ.

ಮಹಾ ರಸಜ್ಞನೊಬ್ಬ ತಾಲೀಮಿಲ್ಲದೆ ರಂಗಕ್ಕಿಳಿಯುವುದುಂಟೇ? ಅಭಿಪ್ರಾಯ ಬರೆಯಲು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಲೋಟ ಹಿಡಿದೆ. ಇಕ್ಕಳದಿಂದ ಮೊಳೆ ಎಳೆದೆ.

ಮೊಳೆ ಠಣ್ಣೆಂದು ಬಿತ್ತು, ಉರುಳಿತು, ಮೂಲೆಯ ನೀರು ಹೋಗುವ ತೂತಿನಲ್ಲಿ ಮಾಯವಾಯಿತು! ಇತ್ತ ಧಾರೆ ಲೋಟವನ್ನು ಬಿಟ್ಟು ನನ್ನ ಎದೆಗೇ ಹೊಡೆಯಿತು. ಗಾಬರಿಯಲ್ಲಿ ಲೋಟ ಬಿಸಾಕಿ ಹೆಬ್ಬೆರಳನ್ನು ತೂತಿಗೊತ್ತಿದೆ. ಧಾರೆ ನಿಂತಿತು. ನಾನೂ ಅಲ್ಲೇ ನಿಂತೆ.

ಆಚೆ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಹೋಗುವಂತಿಲ್ಲ! ಬೆರಳು ಮರಗಟ್ಟಿತು. ಇನ್ನೊಂದು ಹೆಬ್ಬೆರಳಿಗೆ ಅಧಿಕಾರ ಹಸ್ತಾಂತರ ಮಾಡುವಷ್ಟರಲ್ಲಿ ಅಂಗಿಯ ಉಳಿದ ಭಾಗವೂ ನೆನೆಯಿತು. ಪಾಪ, ಆ ಹುಡುಗನ ವರ್ಷದ ತಪಸ್ಸು ನನ್ನ ಒಂದು ಬೆರಳಿನ ಮೇಲೆ ನಿಂತಿದೆ ಎಂದು ನೆನೆದು ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತಿದೆ.

ಕೆಲಸದಿಂದ ಬಂದ ನನ್ನಾಕೆ ಬಾಗಿಲಲ್ಲೇ ಮೂಗರಳಿಸಿದಳು.

"ಕುಡಿದಿದ್ದೀರಾ?"

"ಒಂದು ಹನಿಯೂ ಇಲ್ಲ ಕಣೇ, ಆಣೆಗೂ!"

"ಮತ್ತೆ ಪೀಪಾಯಿ ಜೊತೆ ಏನ್ರೀ ಸರಸ?"

"ಬೆರಳು ತೆಗೆದ್ರೆ ನಿನ್ನ ತಮ್ಮನ ಕೆಲಸ ಹೋಗುತ್ತೆ!"

ಅವಳ ಮುಖ ಬಿಳಿಚಿತು. ಓಡಿಹೋಗಿ ಬೆಂಕಿಕಡ್ಡಿ ತಂದು ತುರುಕಿದಳು. ಧಾರೆ ಅದನ್ನು ಉಫ್ ಎಂದು ಉಗಿಯಿತು. ಮತ್ತೆ ನನ್ನ ಬೆರಳೇ ಗತಿ! ಅಷ್ಟರಲ್ಲಿ ಕರೆಗಂಟೆ.

ಯಜಮಾನರು ಒಳಗೆ ಬಂದರು. ಹಿಂದೆ ಭಾವಮೈದ. ನನ್ನನ್ನು ಕಂಡವನೇ ಗೋಡೆ ಹಿಡಿದುಕೊಂಡ.

"ಇವರು ಯಾರು?" ಯಜಮಾನರು ಕೇಳಿದರು.

"ನಮ್ಮ... ಭಾವ" ಎಂದ, ಸಂಬಂಧವನ್ನೇ ನಿರಾಕರಿಸುವ ದನಿಯಲ್ಲಿ.

ಯಜಮಾನರು ಚೀಲದಿಂದ ತಮ್ಮದೇ ಲೋಟ ತೆಗೆದರು. ಅದನ್ನು ತೂತಿನ ಕೆಳಗೆ ಹಿಡಿದು "ಬೆರಳು ತೆಗೀರಿ" ಎಂದರು. ತೆಗೆದೆ. "ಇಡಿ." ಇಟ್ಟೆ. ಅವರು ಮೂಸಿದರು. ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. ತೆರೆಯಲೇ ಇಲ್ಲ! ನನ್ನಾಕೆ ತಮ್ಮನ ಕೈ ಹಿಡಿದಿದ್ದಳು. ನನ್ನ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಲು ಧೈರ್ಯವಿಲ್ಲ.

"ಸುಟ್ಟ ಸಕ್ಕರೆ, ಒಣದ್ರಾಕ್ಷಿ, ಹಿಂದಿನಿಂದ ಮರದ ಘಮ..." ಕಣ್ಣು ತೆರೆದರು. "ನಾಳೆಯಿಂದ ನೀನು ಬಾಟಲಿ ಮುಟ್ಬೇಡಪ್ಪ. ಬಿಯರ್ ಮಾಡು."

ಭಾವಮೈದ ಅಲ್ಲೇ ಕುಸಿದು ಅತ್ತುಬಿಟ್ಟ. ನನ್ನ ಕಣ್ಣೂ ಒದ್ದೆಯಾಯಿತು.

"ದಾರೀಲಿ ಇವನು ಹೇಳ್ತಿದ್ದ ಆ ದೊಡ್ಡ ರಸಜ್ಞರು ನೀವೇ ಅಲ್ವಾ? ನಿಮಗೆ ಹೇಗನ್ನಿಸ್ತು?" ಎಂದು ಯಜಮಾನರು ನನ್ನತ್ತ ತಿರುಗಿದರು.

"ಅವರನ್ನ ಯಾಕೆ ಕೇಳ್ತೀರಿ?" ಎಂದಳು ನನ್ನಾಕೆ. "ರುಚಿ ನೋಡಿದ್ದು ಅವರ ಅಂಗಿ."

ಮಾನ ಉಳಿಸಿಕೊಳ್ಳಲು ನಾನು ಗಂಟಲು ಸರಿಪಡಿಸಿಕೊಂಡೆ. "ಯಾರಾದ್ರೂ ಅಂಗಡಿಗೆ ಓಡಿ ಮೊಳೆ ತನ್ನಿ! ಅಲ್ಲೀವರೆಗೆ ಪ್ರಾಣ ಹೋದ್ರೂ ಈ ಬೆರಳು ಕದಲಲ್ಲ!"

ನನ್ನಾಕೆ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದಳು. ಹತ್ತಿರ ಬಂದು ನನ್ನ ಕಿವಿಯಿಂದ ಪೆನ್ಸಿಲ್ ಎಳೆದು, ಸೀಸದ ತುದಿ ಮುರಿದು, ನನ್ನ ಬೆರಳು ಸರಿಸಿ ತೂತಿಗೆ ಜಡಿದಳು. ಇಕ್ಕಳದಿಂದ ಒಂದು ಏಟು. ಒಂದು ಹನಿಯೂ ಸೋರಲಿಲ್ಲ.

"ಇಷ್ಟು ಹೊತ್ತು ಅದ್ದಿಟ್ಟಿದ್ರಲ್ಲ, ಈಗ ಬೆರಳು ಚೀಪಿ ರುಚಿ ನೋಡಿ" ಎಂದಳು. "ಅಭಿಪ್ರಾಯ ಬರೆಯೋಕೆ ಮಾತ್ರ ಪೆನ್ಸಿಲ್ ಇಲ್ಲ."